ಆಲುಮಿತಾ ಟೀಚರ್ ಪರವಾಗಿ

ಆಲುಮಿತಾ ಟೀಚರ್ ಸಕಿಯುಸನನ್ನು ಕ್ಷಮಿಸಿದಳು ಎಂಬ ಸಂಗತಿ ಊರಿನಲ್ಲಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಆಲುಮಿತಾಳಿಗೇ. ಆಗ ಅವಳು ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಕೆಸುವಿನ ಸೊಪ್ಪಿಗೆ ತೆಂಗಿನ ಹಾಲು ಹಿಂಡುತ್ತಿದ್ದಳು. ಬಿದಿರು ತಟ್ಟಿಯ ಆಚೆ, ಚಾಪೆ ಹಾಸಿದ ದೊಡ್ಡ ಕೋಣೆಯಲ್ಲಿ, ಗಂಡಸರು ಅಂಗೈ ಗುಳಿ ಮಾಡಿಕೊಂಡು ನಿಧಾನವಾಗಿ ಚಪ್ಪಾಳೆ ತಟ್ಟಿದರು. ನಮ್ಮ ನೈವಿ ಊರಿನಲ್ಲಿ ಹುಟ್ಟಿದ ಕೂಸಿಗೂ ಆ ಸದ್ದಿನ ಅರ್ಥ ಗೊತ್ತು. ತಪ್ಪು ಮಾಡಿದವನು ತಿಮಿಂಗಿಲದ ಹಲ್ಲು ಮುಂದಿಟ್ಟು ಬೇಡಿಕೊಂಡ, ಎದುರು ಕೂತವನು ಎರಡೂ ಕೈಯಲ್ಲಿ ತೆಗೆದುಕೊಂಡ, ವಿಷಯ ಅಲ್ಲಿಗೆ ಮುಗಿಯಿತು. ಆಮೇಲೆ ಅದರ ಸುದ್ದಿ ಎತ್ತುವ ಹಾಗಿಲ್ಲ.

ಅವಳು ತೆಂಗಿನ ಹಿಂಡಿಯನ್ನು ಕೋಳಿಗಳಿಗೆ ಎಸೆದು, ಕೈಯನ್ನೂ ತೊಳೆಯದೆ ಹಾಗೇ ನಿಂತಳು. ಆರು ವರ್ಷ ಅವಳು ಹಲ್ಲು ಕಚ್ಚಿ ಹಿಡಿದುಕೊಂಡದ್ದು ಒಂದೇ ಒಂದು ಮಾತನ್ನು, ಸಕಿಯುಸನಿಗೆ ಕೊಡದೆ ಉಳಿಸಿಕೊಂಡ ಆ ಮಾತನ್ನು. ಅದನ್ನು ಈಗ ಅವಳ ಪರವಾಗಿ ಬೇರೆಯವರು ಕೊಟ್ಟಾಗಿತ್ತು.

ಆಲುಮಿತಾಳ ಅಪ್ಪ ಊರಿನ ಚರ್ಚಿನಲ್ಲಿ ಪಾದ್ರಿಯ ಕೈಕೆಳಗೆ ಇದ್ದವನು. ಪಾದ್ರಿ ಇಲ್ಲದ ವಾರ ತಾನೇ ಬೋಧಿಸುವವನು, ಇದ್ದ ವಾರ ಗಂಟೆ ಹೊಡೆಯುವವನು. ಅವಳಿಗೆ ಅಕ್ಷರ ಕಲಿಸಿದ್ದು ಅವನೇ, ಚರ್ಚಿನ ಚಾಪೆಯ ಮೇಲೆ ಬೋರಲು ಮಲಗಿಸಿಕೊಂಡು. "ಶಾಲೆ ಕಟ್ಟೋದು ಚರ್ಚಿನ ಕೆಲಸ ಮಗಾ. ಅದರ ಬಾಗಿಲು ಕಾಯೋದು ಚರ್ಚಿನ ಕೆಲಸ ಅಲ್ಲ," ಅನ್ನುತ್ತಿದ್ದ. ಅವಳು ಸಮುದ್ರದಾಚೆಯ ರಾಜಧಾನಿ ಸುವಾಕ್ಕೆ ಹೋಗಿ ಟೀಚರ್ ಆಗಿ ಬಂದಳು. ಹಡಗಿನಲ್ಲಿ ಕೆಲಸಕ್ಕಿದ್ದವನನ್ನು ಮದುವೆಯಾದಳು, ಬೇಗ ಕಳಕೊಂಡಳು, ತವರಿಗೆ ಮರಳಿ ಅಣ್ಣ ಇಸಿಕೇಲಿಯ ಮನೆಯ ಹಿಂಬದಿಯಲ್ಲಿ ಒಂದು ಕೋಣೆ ಮಾಡಿಕೊಂಡಳು. ಲಂಬಾಸದ ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ಚರ್ಚಿನ ಶಾಲೆ. ಗುಡ್ಡದ ಮೇಲಿಂದ ನಮ್ಮ ಮಕ್ಕಳು ಇಳಿದು ಬರುತ್ತಿದ್ದರು, ಕೆಳಗಿನ ಕಬ್ಬಿನ ಹೊಲಗಳಿಂದ, ಹಿಂದೆ ಕೂಲಿಗೆ ಬಂದು ನೆಲೆಸಿದವರ ಪೀಳಿಗೆಯ ಇಂಡಿಯನ್ ಮಕ್ಕಳು ಹತ್ತಿ ಬರುತ್ತಿದ್ದರು. ಆಲುಮಿತಾ ಅಲ್ಲಿ ಹೆಡ್ ಟೀಚರ್ ಆದಳು.

ಬೆಳಗ್ಗೆ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಬೇಕು. ಹಿಂದೂ ಮಕ್ಕಳಿಗೆ ಬಲವಂತವಿರಲಿಲ್ಲ, ಆದರೂ ಮುಚ್ಚುತ್ತಿದ್ದರು. ಪ್ರೇಮ್‌ವತಿ ಎಂಬ ಹುಡುಗಿ ಮಾತ್ರ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೆರೆದಿಡುತ್ತಿದ್ದಳು.

"ಏನೇ ಅದು, ದೇವರಿಗೆ ಕಣ್ಣು ಹೊಡೀತಿದೀಯಾ?" ಎಂದು ಆಲುಮಿತಾ ಒಮ್ಮೆ ಕೇಳಿದ್ದಳು.

"ಇಲ್ಲ ಟೀಚರ್. ಎಲ್ಲರೂ ಮುಚ್ಚಿದ್ರೆ ಹೊರಗಡೆ ಏನಾಗ್ತಿದೆ ಅಂತ ಯಾರಾದ್ರೂ ನೋಡ್ಬೇಕಲ್ಲ."

ಅಂಥ ಹುಡುಗಿ. ಲೆಕ್ಕದಲ್ಲಿ ಟೀಚರನ್ನೇ ತಿದ್ದುವವಳು. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಜಿಲ್ಲೆಗೇ ಹೆಸರು ತರುತ್ತಾಳೆ ಎಂದು ಆಲುಮಿತಾ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ದೀಪಾವಳಿಗೆ ಪ್ರೇಮ್‌ವತಿಯ ಅಮ್ಮ ಕಳಿಸುತ್ತಿದ್ದ ಸಿಹಿಯನ್ನು ಚರ್ಚಿನ ಹೆಂಗಸರು ಎಣ್ಣೆ ಜಾಸ್ತಿ ಎಂದು ಮೂಗು ಮುರಿಯುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದರು.

ಶಾಲಾ ಕಮಿಟಿಯ ಅಧ್ಯಕ್ಷ ಸಕಿಯುಸ. ಪಾದ್ರಿಯಲ್ಲ, ಆದರೆ ಬೋಧನೆಗೆ ನಿಂತರೆ ಪಾದ್ರಿಯೇ ಕೈಕಟ್ಟಿ ಕೂರಬೇಕು, ಅಂಥ ಕಂಠ. ಅವನಿಗೂ ಆಲುಮಿತಾಳಿಗೂ ಕಮಿಟಿಯ ಪ್ರತಿ ಸಭೆಯಲ್ಲೂ ಒಂದೇ ಜಗಳ.

"ಕ್ರೈಸ್ತ ಶಾಲೆ ಅಂದ್ಮೇಲೆ ಕ್ರೈಸ್ತ ಮಕ್ಕಳಿಗೆ ಮೊದಲು ಜಾಗ ಟೀಚರ್. ದೇವರು ಈ ನೆಲ ಯಾರಿಗೆ ಕೊಟ್ಟ? ನಮಗೆ."

"ಕೊಡೋವಾಗ ನೀವು ಪಕ್ಕದಲ್ಲೇ ಇದ್ರಾ?"

"ತಮಾಷೆ ಬೇಡ. ಇಲ್ಲಿ ಓದಿದೋರೇ ನಾಳೆ ಆಫೀಸರ್ ಆಗೋದು, ಮಂತ್ರಿ ಆಗೋದು. ದೇಶ ಕ್ರಿಸ್ತನದ್ದಾಗಿ ಉಳೀಬೇಕು ಅಂದ್ರೆ ಕುರ್ಚಿ ನಮ್ಮ ಕೈಲಿರ್ಬೇಕು."

"ಕ್ರಿಸ್ತನಿಗೆ ಯಾರಾದ್ರೂ ಕುರ್ಚಿ ಕೊಟ್ಟಿದ್ರಾ ಸಕಿಯುಸ? ಮರದ ಕಂಬ ಕೊಟ್ರು. ನಮ್ಮ ಮಕ್ಕಳೂ ಓದ್ಲಿ, ನಾನು ಬೇಡ ಅಂದ್ನಾ? ನಿಮ್ಮ ಮಗನ್ನೇ ನೋಡಿ. ಒಂದಿನ ಶಾಲೆಗೆ ಬಂದ್ರೆ ಎರಡು ದಿನ ಏಡಿ ಹಿಡಿಯೋಕೆ ಹೋಗ್ತಾನೆ."

ಎಲ್ಲರೂ ನಗುತ್ತಿದ್ದರು, ಸಕಿಯುಸನೂ ನಗುತ್ತಿದ್ದ. ಅಷ್ಟು ಚೆನ್ನಾಗಿ ನಗುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಆಮೇಲೆ ದಂಗೆಯ ವರ್ಷ ಬಂತು. ಸುವಾದಲ್ಲಿ ನಮ್ಮವರು ಕೆಲವರು ಬಂದೂಕು ಹಿಡಿದು ಇಂಡಿಯನ್ ಪ್ರಧಾನಿಯ ಸರಕಾರವನ್ನೇ ಕೂಡಿಹಾಕಿದರು, ಅದರ ಬಿಸಿ ನಮ್ಮ ಕಡೆಗೂ ಮುಟ್ಟಿತು. ಭಾನುವಾರ ಸಕಿಯುಸ ದೇವರು ಕೊಟ್ಟ ನೆಲದ ಬಗ್ಗೆ ಬೋಧಿಸಿದ. ಸೋಮವಾರ ಬೆಳಗ್ಗೆ ಒಂದಷ್ಟು ಹುಡುಗರನ್ನು ಕಟ್ಟಿಕೊಂಡು ಶಾಲೆಯ ಗೇಟಿಗೆ ಬಂದ. ಹುಡುಗರ ಕೈಯಲ್ಲಿ ಕಬ್ಬು ಕಡಿಯುವ ಕತ್ತಿಗಳಿದ್ದವು. ಅದು ಇಲ್ಲಿ ಎಲ್ಲರ ಕೈಯಲ್ಲೂ ಇರುವುದೇ ಎಂದು ಆಮೇಲೆ ಊರಿನವರು ಸಮಾಧಾನ ಹೇಳಿಕೊಂಡರು. ಸಕಿಯುಸ ಇಂಡಿಯನ್ ಮಕ್ಕಳನ್ನೆಲ್ಲ ರಸ್ತೆಯ ಬದಿಗೆ ಸಾಲಾಗಿ ನಿಲ್ಲಿಸಿ, "ಮೊದಲು ಪ್ರಾರ್ಥನೆ ಮಾಡೋಣ ಮಕ್ಕಳೇ," ಎಂದ.

ಮಕ್ಕಳು ಅಭ್ಯಾಸಬಲದಿಂದ ಕಣ್ಣು ಮುಚ್ಚಿದವು. ಹೆದರಿಕೆಗೆ ಆ ದಿನ ಪ್ರೇಮ್‌ವತಿಯೂ ಎರಡು ಕಣ್ಣೂ ಮುಚ್ಚಿದಳು. ದೇಶಕ್ಕಾಗಿ, ಶಾಂತಿಗಾಗಿ, ಮಕ್ಕಳ ಭವಿಷ್ಯಕ್ಕಾಗಿ ಉದ್ದದ ಪ್ರಾರ್ಥನೆ. ಆಮೆನ್ ಆಗಿ ಕಣ್ಣು ತೆರೆದಾಗ ಗೇಟಿಗೆ ಬೀಗ ಬಿದ್ದಿತ್ತು, ಅವರು ಹೊರಗಿದ್ದರು.

ಒಳಗಿನಿಂದ ಆಲುಮಿತಾ ಓಡಿ ಬಂದು ಗೇಟು ಹಿಡಿದು ಜಗ್ಗಿದಳು. "ತೆಗೀರೋ! ಯಾರಪ್ಪನ ಶಾಲೆ ಅಂತ ಬೀಗ ಹಾಕ್ತೀರೋ?" ಯಾರೂ ಅವಳ ಮೇಲೆ ಕೈ ಮಾಡಲಿಲ್ಲ. ಅವಳ ಹತ್ತಿರವೇ ಓದಿದ ಹುಡುಗರು ಅವಳ ಎರಡೂ ತೋಳು ಹಿಡಿದು ಎತ್ತಿ, ಮಾವಿನ ಮರದ ಕೆಳಗೆ ಚಾಪೆ ಹಾಸಿ, ಮರ್ಯಾದೆಯಿಂದ ಕೂರಿಸಿದರು. ಒಬ್ಬ ಎಳನೀರೂ ತಂದುಕೊಟ್ಟ. ಆ ಎಳನೀರನ್ನು ಅವಳು ಸಾಯುವ ತನಕ ಮರೆಯುವುದಿಲ್ಲ.

ಕಮಿಟಿ ಅದೇ ವಾರ ಟೀಚರಿಗೆ ವಿಶ್ರಾಂತಿ ಬೇಕಾಗಿದೆ ಎಂದು ತೀರ್ಮಾನಿಸಿತು. ಭಾನುವಾರದ ಮಕ್ಕಳ ಪಾಠವನ್ನೂ ಅವಳಿಂದ ತೆಗೆದುಕೊಂಡರು. ಪ್ರೇಮ್‌ವತಿ ಪರೀಕ್ಷೆ ಬರೆಯಲೇ ಇಲ್ಲ. ಅವಳ ಅಪ್ಪ ಕಬ್ಬಿನ ಹೊಲ ಬಿಟ್ಟು ಸಂಸಾರ ಕಟ್ಟಿಕೊಂಡು ಸುವಾದ ಹೊರಗಿನ ತಗಡಿನ ಮನೆಗಳ ಬಡಾವಣೆ ಸೇರಿದ. ಹುಡುಗಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುವುದಕ್ಕೆ ಕೂತಳು. ಆದರೂ ತಿಂಗಳಿಗೊಮ್ಮೆ ನೈವಿಯ ಅಂಗಡಿಗೆ ಫೋನ್ ಮಾಡಿ, "ಟೀಚರ್‌ನ ಕರೀರಿ" ಅನ್ನುತ್ತಿದ್ದಳು. ಮರಗೆಣಸಿನ ತೋಟದಿಂದ ಆಲುಮಿತಾ ಮಣ್ಣುಗೈಯಲ್ಲೇ ಓಡುತ್ತಿದ್ದಳು.

ಆರು ವರ್ಷ ಕಳೆದ ಮೇಲೆ ಸಕಿಯುಸನಿಗೆ ಪಾಪಪ್ರಜ್ಞೆ ಹುಟ್ಟಿತು. ಚುನಾವಣೆಯೂ ಅದೇ ಹೊತ್ತಿಗೆ ಬಂದಿತ್ತು. ಅವನು ನಿಂತ ಕ್ಷೇತ್ರದಲ್ಲಿ ಕಬ್ಬಿನ ಹೊಲದವರ ಓಟೂ ಇದ್ದವು, ಅವರು ಗೇಟಿನ ವಿಷಯ ಮರೆತಿರಲಿಲ್ಲ. ಟೀಚರೇ ಕ್ಷಮಿಸಿದ್ದಾಳೆ ಎಂದರೆ ಉಳಿದವರ ಬಾಯಿ ಮುಚ್ಚುತ್ತದೆ. ಅವನು ತಿಮಿಂಗಿಲದ ಹಲ್ಲು ಹಿಡಿದುಕೊಂಡು ಬರುತ್ತಾನೆಂದು ಮುಂಚೆಯೇ ಹೇಳಿ ಕಳಿಸಿದ, ಆಲುಮಿತಾಳಿಗಲ್ಲ, ಇಸಿಕೇಲಿಗೆ. ಅವಳಿಗಾದ ಅವಮಾನ ವಂಶಕ್ಕಾದ ಅವಮಾನ, ವಂಶದ ಪರವಾಗಿ ಮಾತಾಡುವವನು ಇಸಿಕೇಲಿ. ಹೆಂಗಸು ಆ ಹೊತ್ತಿಗೆ ಅಡುಗೆ ನೋಡಿಕೊಳ್ಳಬೇಕು.

ಇಸಿಕೇಲಿ ಕೆಟ್ಟವನಲ್ಲ. ಆದರೆ ನಮ್ಮಲ್ಲಿ ದೊಡ್ಡವರಾದ ಅಣ್ಣ ತಂಗಿ ಒಬ್ಬರಿಗೊಬ್ಬರು ನೇರ ಮಾತಾಡುವಂತಿಲ್ಲ. ಒಂದೇ ಚಾಪೆಯಲ್ಲಿ ಊಟಕ್ಕೆ ಕೂತರೂ ನಡುವೆ ಅತ್ತಿಗೆ ತೋರಿಕಾ ಬೇಕು. "ಅತ್ತಿಗೆ, ಉಪ್ಪು ಆ ಕಡೆ ಇದೆ ಅಂತ ಹೇಳಿ ಅವರಿಗೆ," "ಏ, ಗೊತ್ತಾಯ್ತು ಅಂತ ಹೇಳು ಅವಳಿಗೆ," ಹೀಗೆ. ವರ್ಷಗಟ್ಟಲೆ ಇಬ್ಬರ ಮಾತನ್ನೂ ಹೊತ್ತು ಹೊತ್ತು ತೋರಿಕಾಗೆ ಒಂದು ಚಾಳಿ ಬಂದಿತ್ತು. ಮೊನಚು ಮಾತಿನ ಮೊನೆ ಮುರಿದು ದಾಟಿಸುತ್ತಿದ್ದಳು. ಮನೆ ನೆಮ್ಮದಿಯಿಂದ ನಡೆದದ್ದೇ ಹಾಗೆ.

ಆಲುಮಿತಾ ಅವಳ ಹತ್ತಿರ ಬಿಡಿಸಿ ಹೇಳಿದ್ದಳು: "ಅತ್ತಿಗೆ, ಅವರಿಗೆ ಹೀಗೇ ಹೇಳಿ. ನನ್ನನ್ನ ಎತ್ತಿ ಕೂರಿಸಿದ್ದಕ್ಕೆ ನಂಗೇನೂ ಬೇಡ. ಸಕಿಯುಸ ಆ ಗೇಟಿನ ಹತ್ರ ನಿಂತು, ತಾನು ಏನು ಮಾಡ್ದೆ, ಯಾವ ಮಕ್ಕಳಿಗೆ ಮಾಡ್ದೆ ಅಂತ ಬಾಯಿಬಿಟ್ಟು ಹೇಳ್ಬೇಕು. ಆ ಮಕ್ಕಳ ಅಪ್ಪ ಅಮ್ಮಂದಿರನ್ನ ಕರೆಸ್ಬೇಕು. ಅಲ್ಲೀ ತನಕ ಹಲ್ಲು ಮುಟ್ಟಬೇಡಿ."

ಚಪ್ಪಾಳೆ ನಿಂತ ಮೇಲೆ ತೋರಿಕಾ ಅಡುಗೆಕೋಣೆಗೆ ಬಂದಳು, ತಲೆ ತಗ್ಗಿಸಿಕೊಂಡು.

"ನಾನು ಹೇಳಿದ್ದು ಹೇಳಿದ್ರಾ ಅತ್ತಿಗೆ?"

"ಹೇಳ್ದೆ ಕಣೇ."

"ಏನಂತ?"

"ಟೀಚರಿಗೆ ಆ ಮಕ್ಕಳ ಮೇಲೆ ಇನ್ನೂ ಮನಸ್ಸಿದೆ, ಅವರನ್ನೂ ನೆನೆಸ್ಕೊಂಡ್ರೆ ಒಳ್ಳೇದು ಅಂತ. ಸ್ವಲ್ಪ ಮೆತ್ತಗೆ ಹೇಳ್ದೆ. ನಿಮ್ಮಣ್ಣ ಅವರನ್ನೂ ನೆನೆಸ್ಕೊಂಡ್ರು. ಸಕಿಯುಸ ಅತ್ತೇಬಿಟ್ಟ."

"ಅಳ್ತಾನೆ. ಅಳೋದೂ ಅವನಿಗೆ ಚೆನ್ನಾಗಿ ಬರುತ್ತೆ."

"ಹೊಟ್ಟೆಗೆ ಹಾಕ್ಕೊಳೇ ತಾಯಿ. ನಾವು ಕ್ರೈಸ್ತರಲ್ವಾ?"

ಒಳಗೆ ಯಾಂಗೋನ ಬೇರಿನ ಪಾನೀಯದ ಬಟ್ಟಲು ಸುತ್ತು ಹೊಡೆಯುತ್ತಿತ್ತು, ನಗು ಕೇಳುತ್ತಿತ್ತು. ಸೊಪ್ಪು ತಳ ಹಿಡಿದಿತ್ತು.

ಸುದ್ದಿ ರೇಡಿಯೋಗೆ ಹೋಯಿತು. ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಹಿಂದಿಯಲ್ಲಿ. ನೈವಿಯ ಟೀಚರ್ ದೊಡ್ಡ ಮನಸ್ಸು ಮಾಡಿ ಹಳೆಯದೆಲ್ಲ ಮರೆತಿದ್ದಾರೆ, ಇದೇ ನಿಜವಾದ ಕ್ರೈಸ್ತ ನಡೆ ಎಂದು ಸಕಿಯುಸ ಗದ್ಗದಿತನಾಗಿ ಹೇಳಿದ. ಆ ತಿಂಗಳು ಅಂಗಡಿಗೆ ಫೋನ್ ಬರಲಿಲ್ಲ. ಅಂಗಡಿಯವನನ್ನು ಆಲುಮಿತಾ ಮತ್ತೆ ಮತ್ತೆ ಹೋಗಿ ಕೇಳಿದಳು. ಅವನು ಫೋನ್ ಎತ್ತಿ ತೋರಿಸಿ, "ಸರಿಯಾಗೇ ಇದೆ ಟೀಚರ್, ನೀವೇ ಕೇಳಿ ಬೇಕಾದ್ರೆ," ಎಂದ.

ಓಟಿಗೆ ಮುಂಚಿನ ಭಾನುವಾರ ಚರ್ಚು ತುಂಬಿತ್ತು. ಸಕಿಯುಸ ಕ್ಷಮೆಯ ಬಗ್ಗೆ ಬೋಧಿಸಿದ. ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಪಾದ್ರಿ ಎದ್ದು, "ಈಗ ನಮ್ಮ ಆಲುಮಿತಾ ಟೀಚರ್ ಒಂದು ಚಿಕ್ಕ ಪ್ರಾರ್ಥನೆ ಮಾಡ್ತಾರೆ," ಎಂದರು. ಅವಳಿಗೆ ಮುಂಚೆ ಹೇಳಿಯೇ ಇರಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು.

ಆಲುಮಿತಾ ಎದ್ದಳು. ಗಂಡಸರ ಕಡೆಯ ಮೊದಲ ಬೆಂಚಿನತ್ತ ತಿರುಗಿದಳು.

"ಇಸಿಕೇಲಣ್ಣ."

ಮುಚ್ಚಿದ ಕಣ್ಣುಗಳೆಲ್ಲ ಒಮ್ಮೆಗೇ ತೆರೆದವು. ದೊಡ್ಡವಳಾದಾಗಿನಿಂದ ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

"ಅಣ್ಣ, ಆ ಹಲ್ಲು ತಗೊಳ್ಳೋವಾಗ ನೀನು ಯಾರ ಪರವಾಗಿ ತಗೊಂಡೆ? ನನ್ನ ಪಾಲಿನದ್ದು ನಾನು ಯಾವತ್ತೋ ಬಿಟ್ಟಿದೀನಿ. ಗೇಟಿನಾಚೆ ನಿಂತಿದ್ರಲ್ಲ, ಆ ಮಕ್ಕಳ ಪರವಾಗಿ ಕ್ಷಮಿಸೋಕೆ ನನಗೇ ಅಧಿಕಾರ ಇಲ್ಲ. ನಿನಗೆ ಎಲ್ಲಿಂದ ಬಂತು? ಅವ್ರನ್ನ ಒಂದು ಮಾತು ಕೇಳಿದ್ಯಾ? ಕಣ್ಣು ಮುಚ್ಚಿಸಿ ಬೀಗ ಹಾಕಿದೋನು ಇವನು. ಇವತ್ತೂ ಎಲ್ಲರ ಕಣ್ಣು ಮುಚ್ಚಿಸಿ ಓಟು ಕೇಳ್ತಿದಾನೆ."

ಇಸಿಕೇಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಬೆನ್ನು ಬಗ್ಗಿಸಿ, ಎಲ್ಲರ ಮುಂದೆಯೇ ಹೊರಗೆ ನಡೆದ. ಪಾದ್ರಿ ಗಡಿಬಿಡಿಯಲ್ಲಿ ಹಾಡು ಶುರು ಮಾಡಿಸಿದರು.

ಹೊರಗೆ ಮರದ ನೆರಳಿನಲ್ಲಿ ಊರೆಲ್ಲ ಸೇರಿತು. ಆಲುಮಿತಾ ಏನು ಕೇಳಿದಳು ಎಂಬುದನ್ನು ಒಬ್ಬರೂ ಎತ್ತಲಿಲ್ಲ. "ಅಣ್ಣನ ಹೆಸರು ಹಿಡಿದು ಕೂಗಿದ್ಳಲ್ಲ!" "ಅದೂ ದೇವರ ಮನೇಲಿ!" "ಓದಿದ್ದು ಜಾಸ್ತಿಯಾದ್ರೆ ಹೀಗೇ." ನಾಚಿಕೆಯಾಗಬೇಕು ಈ ಊರಿಗೆ. ಮಕ್ಕಳನ್ನು ಬೀದಿಗೆ ತಳ್ಳಿದವನ ಭುಜ ತಟ್ಟಿದರು. ಅಣ್ಣನೊಂದಿಗೆ ಮಾತಾಡಿದವಳ ಒಲೆಯಿಂದ ಬೆಂಕಿ ತೆಗೆದುಕೊಂಡು ಹೋಗುವುದನ್ನೂ ನಿಲ್ಲಿಸಿದರು.

ಸಕಿಯುಸ ಗೆದ್ದ. ಇಸಿಕೇಲಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ, ಊಟವೂ ಅಷ್ಟಕ್ಕಷ್ಟೆ. ತಂಗಿ ಹಲ್ಲು ತಂದಿಟ್ಟು ತಪ್ಪೊಪ್ಪಿಕೊಳ್ಳದೆ ಅವನು ತಲೆ ಎತ್ತುವಂತಿಲ್ಲ, ಅದು ನಮ್ಮ ಪದ್ಧತಿ. ಆಲುಮಿತಾಳ ಹತ್ತಿರ ಅಂಥ ಹಲ್ಲು ಎಲ್ಲಿಂದ ಬರಬೇಕು? ಒಂದು ಸಂಜೆ ತೋರಿಕಾ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಅವಳ ಚಾಪೆಯ ಮೇಲಿಟ್ಟಳು. ಬಿಚ್ಚಿದರೆ ತಿಮಿಂಗಿಲದ ಹಲ್ಲು, ನಾರಿನ ಹಗ್ಗ ಕಟ್ಟಿದ್ದು, ಹಳೆಯದು, ಒಳ್ಳೆಯ ಹೊಳಪಿನದು.

"ಯಾರದ್ದು ಅತ್ತಿಗೆ ಇದು?"

"ಸಕಿಯುಸ ಕಳ್ಸಿದ್ದು. ಇದನ್ನಿಟ್ಟು ನಿಮ್ಮಣ್ಣನ ಹತ್ರ ತಪ್ಪಾಯ್ತು ಅಂದ್ಬಿಡು. 'ಟೀಚರ್ ನನ್ನನ್ನ ಕ್ಷಮಿಸಿದ್ರು, ನಾನು ಅವ್ರಿಗೆ ಇಷ್ಟಾದ್ರೂ ಮಾಡ್ಬಾರ್ದಾ' ಅಂದ."

ಆಲುಮಿತಾ ನಕ್ಕಳು. ನಕ್ಕು ನಕ್ಕು ಚಾಪೆಯ ಮೇಲೆ ಕೂತುಬಿಟ್ಟಳು. ತೋರಿಕಾ ಹೆದರಿ ನೀರು ತಂದಳು.

"ಇದನ್ನ ಮೆತ್ತಗೆ ಮಾಡದೆ ಹಾಗೇ ಹೇಳಿದ್ರಲ್ಲ ಅತ್ತಿಗೆ, ಸಂತೋಷ," ಎಂದಳು ಆಲುಮಿತಾ.

ಮರುದಿನ ಹಲ್ಲನ್ನು ಸೊಂಟಕ್ಕೆ ಸುತ್ತುವ ಒಂದು ಹಳೆಯ ಸುಲು ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯ ತಳದಲ್ಲಿಟ್ಟು, ಮೇಲೆ ಕೆಸುವಿನ ಗೆಡ್ಡೆ ತುಂಬಿ ಬಸ್ಸು ಹತ್ತಿದಳು. ಬಸ್ಸಿನಿಂದ ಹಡಗು, ಹಡಗಿನಿಂದ ಮತ್ತೆ ಬಸ್ಸು. ತಗಡಿನ ಬಡಾವಣೆಯಲ್ಲಿ ಕೇಳಿ ಕೇಳಿ ಮನೆ ಹುಡುಕಿದಳು. ಪ್ರೇಮ್‌ವತಿ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಟೀಚರನ್ನು ಕಂಡು ಎದ್ದು ನಿಂತಳು, ಆದರೆ ಓಡಿ ಬರಲಿಲ್ಲ.

"ಬನ್ನಿ ಟೀಚರ್. ಅಪ್ಪ ಅಮ್ಮ ಮಾರ್ಕೆಟ್ಟಿಗೆ ಹೋಗಿದಾರೆ."

ಆಲುಮಿತಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಮಂಡಿಯೂರಿ ಕೂತಳು. ಬುಟ್ಟಿಯಿಂದ ಹಲ್ಲು ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಈ ಕೆಲಸ ಗಂಡಸರದ್ದು. ಅವಳಿಗೆ ಅದರ ಮಾತುಗಳೂ ಸರಿಯಾಗಿ ಬರುತ್ತಿರಲಿಲ್ಲ.

"ನನ್ನ ಹೆಸರಲ್ಲಿ ಅವನಿಗೆ ಕ್ಷಮೆ ಸಿಕ್ಕಿತು ಪ್ರೇಮಾ. ನಾನು ಕೊಡ್ಲಿಲ್ಲ. ಆದ್ರೆ ಎದ್ದು ಹೋಗಿ ಕಿತ್ಕೊಳ್ಳಲೂ ಇಲ್ಲ, ಅಡುಗೆಮನೇಲಿ ನಿಂತಿದ್ದೆ. ಅದು ನನ್ನ ತಪ್ಪು. ಅದಕ್ಕೆ ತಂದಿದೀನಿ."

ಪ್ರೇಮ್‌ವತಿ ಹಲ್ಲನ್ನೇ ನೋಡಿದಳು. ನೈವಿ ಗುಡ್ಡದ ಬುಡದಲ್ಲಿ ಬೆಳೆದವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದು ಯಾರು ಕೊಟ್ಟಿದ್ದು?"

ಆಲುಮಿತಾ ಸುಳ್ಳು ಹೇಳಲಿಲ್ಲ. "ಅವನೇ."

"ನಾನಿದನ್ನ ಮುಟ್ಟಿದ್ರೆ ಮುಗೀತು, ಅಲ್ವಾ? ಆಮೇಲೆ ನಾನು ಆ ಮಾತು ಎತ್ತೋ ಹಾಗಿಲ್ಲ."

"ಹೌದು."

"ಹಾಗಾದ್ರೆ ಬೇಡ ಟೀಚರ್."

"ಅವನ ತಪ್ಪಿಗಲ್ಲ ಮಗಾ, ನನ್ನದಕ್ಕೆ."

"ಗೊತ್ತು. ಅದಕ್ಕೂ ಬೇಡ." ಅವಳ ದನಿ ಏರಲಿಲ್ಲ. "ರೇಡಿಯೋ ಕೇಳಿ ಅಪ್ಪ ಏನಂದ್ರು ಗೊತ್ತಾ? 'ನಿಮ್ಮ ಟೀಚರೂ ಕೊನೆಗೆ ಅವ್ರ ಕಡೆಯೋರೇ ಆದ್ರಲ್ಲ' ಅಂದ್ರು. ನಾನು ಅಲ್ಲ ಅಂತ ಜಗಳ ಆಡ್ದೆ. ಆಮೇಲೆ ಫೋನ್ ಎತ್ತಿದೆ, ನಂಬರ್ ಒತ್ತೋಕೆ ಕೈ ಬರಲಿಲ್ಲ."

ಮುಂದೆ ಹಿಡಿದ ಹಲ್ಲನ್ನು ಬೇಡ ಎಂದವರನ್ನು ಆಲುಮಿತಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳ ತೋಳು ನೋಯುತ್ತಿತ್ತು. ಕೆಳಗಿಳಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ, ಹಾಗೆ ಇಳಿಸುವುದಕ್ಕೆ ನಮ್ಮಲ್ಲಿ ಪದ್ಧತಿಯೇ ಇಲ್ಲ. ಅವಮಾನದಿಂದ ಮುಖ ಬಿಸಿಯಾಯಿತು, ಎದೆ ಒಡೆಯುವಷ್ಟು ದುಃಖವಾಯಿತು. ಆದರೂ ಎಲ್ಲೋ ಒಳಗೆ, ತನ್ನ ಜಾಣ ಹುಡುಗಿ ಕಷ್ಟದ ಲೆಕ್ಕವನ್ನು ಸರಿಯಾಗಿ ಬಿಡಿಸಿದಾಗ ಆಗುತ್ತಿದ್ದ ಹೆಮ್ಮೆ ಮೂಡಿತು. ತಾನು ಆ ದಿನ ಚಾಪೆಯ ಕೋಣೆಗೆ ನುಗ್ಗಿ ಹೇಳಬೇಕಾಗಿದ್ದ ಮಾತು ಇದೇ.

"ಸರಿಯಾಗಿ ಹೇಳ್ದೆ," ಎಂದು ಹಲ್ಲನ್ನು ಬುಟ್ಟಿಗೆ ಹಾಕಿದಳು.

ಪ್ರೇಮ್‌ವತಿ ರೊಟ್ಟಿ, ಆಲೂಗಡ್ಡೆ ಪಲ್ಯ ಬಡಿಸಿದಳು. ಊಟಕ್ಕೆ ಮುಂಚೆ ಆಲುಮಿತಾ ಅಭ್ಯಾಸದಂತೆ ಕೈ ಜೋಡಿಸಿ ಸ್ತೋತ್ರ ಹೇಳತೊಡಗಿದಳು. ಎದುರಿಗೆ ಕೂತ ಪ್ರೇಮ್‌ವತಿ ಎರಡು ಕಣ್ಣನ್ನೂ ತೆರೆದುಕೊಂಡೇ ಬಾಗಿಲನ್ನು ನೋಡುತ್ತಿದ್ದಳು. ಆಲುಮಿತಾಳೂ ಕಣ್ಣು ಮುಚ್ಚಲಿಲ್ಲ. ಸ್ತೋತ್ರವನ್ನು ಅರ್ಧಕ್ಕೆ ನಿಲ್ಲಿಸಿ ರೊಟ್ಟಿ ಮುರಿದಳು.